ಮೈಕು ಇಟ್ಟ ಜಾಗ

ನಮ್ಮ ನಡುಮನೆಯ ಹಿಂದಿನ ಗೋಡೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕಕ್ಕೆ, ನೆಲದ ಮೇಲೆ ಕೂತವರ ತಲೆಗಿಂತ ಚೂರು ಮೇಲೆ ಎರಡು ತೂತುಗಳಿವೆ. ಮೊದಲು ಅಲ್ಲೊಂದು ಸ್ಪೀಕರ್ ಇತ್ತು. ಹೋದ ಯುಗಾದಿಗೆ ಸುಣ್ಣಬಣ್ಣ ಮಾಡಿಸಿದಾಗ ಪೇಂಟಿನವನು "ಪುಟ್ಟಿ ಹಾಕಿ ಮುಚ್ಬಿಡ್ಲಾ ಅಕ್ಕಾ?" ಎಂದು ಕೇಳಿದ. ಬೇಡ ಅಂದೆ. ನಮ್ಮನೆಯವರು ಇವಳಿಗೇನಾಯಿತು ಅನ್ನುವ ಹಾಗೆ ನೋಡಿದರು. ಆ ತೂತು ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮಾಡಿದ್ದು ನೆನಪಾಗುತ್ತದೆ. ಆಗಲಿ ಅಂತಲೇ ಬಿಟ್ಟುಕೊಂಡಿದ್ದೇನೆ.

ನಾನು ಹುಟ್ಟಿದ್ದು ದೇವನಹಳ್ಳಿ ಕಡೆ, ಸೊಸೆಯಾಗಿ ಬಂದಿದ್ದು ಸೂಲಿಬೆಲೆ ಹತ್ತಿರದ ಈ ಊರಿಗೆ. ಹೊಸಕೋಟೆ ಹೈವೇ ಪಕ್ಕದ ಗೋದಾಮೊಂದರ ಆಫೀಸಿನಲ್ಲಿ ನನ್ನ ಕೆಲಸ. ನಮ್ಮನೆಯವರದು ಹಸು, ಗುಲಾಬಿ ತೋಟ. ಮಗಳು ಮೈಸೂರಲ್ಲಿ ಓದುತ್ತಿದ್ದಾಳೆ. ಹೀಗಾಗಿ ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮತ್ತೆ. ಮನೆಯ ಮಾತು ನಡೆಯುತ್ತಿದ್ದುದು ಬಹುಪಾಲು ಅತ್ತೆ ಸೊಸೆಯರಾದ ನಮ್ಮ ನಡುವೆಯೇ. ಗಂಡಸರು ಹಸುವಿನ ಹತ್ತಿರ ಆಡುವಷ್ಟು ಮಾತನ್ನೂ ಮನೆಯಲ್ಲಿ ಆಡುವುದಿಲ್ಲ.

ಬೇರೆ ಹೆಂಗಸರಿಗೆ ಸೀರೆಯ ಹುಚ್ಚು, ಪಾತ್ರೆಯ ಹುಚ್ಚು ಇರುತ್ತದೆ. ನನಗೆ ಸದ್ದಿನ ಹುಚ್ಚು. ಅದು ಹಿಡಿದಿದ್ದು ಚಿಕ್ಕವಳಿದ್ದಾಗ, ಬೆಂಗಳೂರಿನ ಒಂದು ಟಾಕೀಸಿನಲ್ಲಿ. ಆಗ ಸುತ್ತಲಿಂದ ಸದ್ದು ಬರುವ ಡಿಜಿಟಲ್ ವ್ಯವಸ್ಥೆ ಹೊಸದು. ಅದುವರೆಗೂ ನಾವು ನೋಡಿದ ಟಾಕೀಸುಗಳಲ್ಲಿ ಹೊಡೆದಾಟ, ಹಾಡು, ಅಳು ಎಲ್ಲವೂ ಪರದೆಯ ಹಿಂದಿನಿಂದಲೇ ಕೇಳುತ್ತಿತ್ತು. ಆವತ್ತು ಸಿನಿಮಾದ ನಾಯಕ ಹೊಲದ ಬದುವಿನ ಮೇಲೆ ನಿಂತಿದ್ದ. ಇದ್ದಕ್ಕಿದ್ದ ಹಾಗೆ ನಮ್ಮ ಬೆನ್ನ ಹಿಂದೆ ಹಸುವಿನ ಕೊರಳ ಗಂಟೆ ಆಡಿತು. ನನ್ನ ಅಮ್ಮ ಪೂರ್ತಿ ತಿರುಗಿ ಕೂತು, "ಅಯ್ಯೋ, ಯಾರೋ ದನ ಒಳಕ್ ಬಿಟ್ಬಿಟ್ಟವ್ರೆ" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ನನಗೆ ಮೈಯೆಲ್ಲ ಜುಮ್ಮೆಂದಿತ್ತು. ಯಾವತ್ತಾದರೂ ಒಂದು ದಿನ ಇದು ನನ್ನ ಮನೆಯಲ್ಲಿರಬೇಕು ಅಂತ ಆಗಲೇ ಮನಸ್ಸಿನಲ್ಲಿ ಬರೆದುಕೊಂಡೆ.

ಆ ದಿನ ಬರಲು ನನಗೆ ನಲವತ್ತು ದಾಟಬೇಕಾಯಿತು. ದೊಡ್ಡ ಟೀವಿ ತಂದೆವು. ಹಿಂದೆಯೇ ಹಠ ಹಿಡಿದು ಹೋಂ ಥಿಯೇಟರ್ ತರಿಸಿದೆ. ಐದು ಸ್ಪೀಕರು, ಗುಡುಗಿನಂಥ ಸದ್ದಿಗೆ ಅಂತಲೇ ಒಂದು ದೊಡ್ಡ ಡಬ್ಬ, ಇವೆಲ್ಲಕ್ಕೂ ಸದ್ದು ಹಂಚುವ ಒಂದು ಪೆಟ್ಟಿಗೆ. ಡಬ್ಬದ ಮೇಲಿದ್ದ 5.1 ಅನ್ನುವುದನ್ನು ನಮ್ಮನೆಯವರು ಓದಿ, "ಏನಿದು, ಹಾಲಿನ ಫ್ಯಾಟಾ? ಐದು ಪಾಯಿಂಟ್ ಒಂದು ಅಂದ್ರೆ ಡೈರಿಲಿ ಒಳ್ಳೆ ರೇಟ್ ಕೊಡ್ತಾರೆ" ಅಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕಿ ಬರುತ್ತಿದ್ದವರು ಅವರೇ. ಫ್ಯಾಟಿನ ಲೆಕ್ಕ ಅವರಿಗೆ ಬಾಯಿಪಾಠ.

ನಾನೇ ಕೂತು ಅವರಿಬ್ಬರಿಗೂ ಪಾಠ ಮಾಡಿದೆ. ನೋಡಿ, ಟೀವಿಯ ಕೆಳಗೆ ನಡುವಿನಲ್ಲಿರುವ ಸ್ಪೀಕರ್ ಮಾತಿಗೆ. ಯಾರು ಏನು ಮಾತಾಡಿದರೂ ಅಲ್ಲಿಂದ. ಎಡಕ್ಕೆ ಬಲಕ್ಕೆ ಇರುವುದು ಹಾಡಿಗೆ, ಸಂಗೀತಕ್ಕೆ. ಹಿಂದಿನ ಗೋಡೆಯ ಎರಡು ಸುತ್ತಲಿನ ಸದ್ದಿಗೆ, ಅಂದರೆ ಮಳೆ, ಗಾಳಿ, ಹಕ್ಕಿ, ಜನರ ಗದ್ದಲ. ದಾರಿಗಳು ಬೇರೆ ಬೇರೆ, ಒಂದು ಇನ್ನೊಂದರೊಳಗೆ ಬೆರೆಯುವುದಿಲ್ಲ. ಸಿನಿಮಾದವರು ಒಂದೊಂದು ಸದ್ದನ್ನೂ ಒಂದೊಂದು ದಾರಿಗೆ ಹಾಕಿ ಕಳಿಸಿರುತ್ತಾರೆ. ಸೀರಿಯಲ್ಲಿನಂಥ ಮಾಮೂಲಿ ಸದ್ದನ್ನೂ ಈ ಪೆಟ್ಟಿಗೆ ತಾನೇ ಬಿಡಿಸಿ ಐದು ಕಡೆಗೆ ಹಂಚುತ್ತದೆ. ಇಷ್ಟು ಹೇಳಿ ಮುಗಿಸಿದಾಗ ಅತ್ತೆ, "ಒಂದೇ ಮನೇಲಿದ್ದೂ ಬ್ಯಾರೆ ಬ್ಯಾರೆ ಒಲೆ ಅನ್ನು" ಅಂದರು. ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

ಪೆಟ್ಟಿಗೆಯ ಜೊತೆ ಬೆರಳುದ್ದದ ಒಂದು ಮೈಕು ಬಂದಿತ್ತು. ಕೇಳುವವರು ಕೂರುವ ಜಾಗದಲ್ಲಿ, ಅವರ ಕಿವಿಯ ಎತ್ತರಕ್ಕೆ ಅದನ್ನಿಟ್ಟು ಗುಂಡಿ ಒತ್ತಬೇಕು. ಐದೂ ಸ್ಪೀಕರ್ ಒಂದಾದ ಮೇಲೊಂದು ಕುಂಯ್ ಎಂದು ಕೂಗುತ್ತವೆ. ಮೈಕು ಕೇಳಿಸಿಕೊಂಡು, ಯಾವುದು ಎಷ್ಟು ದೂರ, ಯಾವುದನ್ನು ಎಷ್ಟು ಏರಿಸಬೇಕು ಇಳಿಸಬೇಕು ಅಂತ ತಾನೇ ತೀರ್ಮಾನ ಮಾಡುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಉಸಿರೆತ್ತಬಾರದು. ಮೊದಲ ಸಲ ಕುಕ್ಕರ್ ಕೂಗಿ ಎಲ್ಲ ಹಾಳಾಯಿತು. ನಾನು ರೇಗಿದೆ. ಅತ್ತೆ ಓಡಿಹೋಗಿ ಒಲೆ ಆರಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತರು. ನಾನು ಮೈಕನ್ನು ಸೋಫಾದ ನಟ್ಟನಡುವೆ, ದಿಂಬಿನ ಮೇಲೆ ದಿಂಬು ಪೇರಿಸಿ ಇಟ್ಟೆ. ಅದು ನಾನು ಕೂರುವ ಜಾಗ. ಕಿವಿಯ ಎತ್ತರ ಅಂದಾಗ ನನ್ನ ಕಿವಿಯ ಎತ್ತರವೇ ನೆನಪಿಗೆ ಬಂದಿದ್ದು.

ಅತ್ತೆ ಸೋಫಾದ ಮೇಲೆ ಕೂರುವವರಲ್ಲ. "ಅದ್ರ ಮ್ಯಾಲೆ ಕೂತ್ರೆ ಬೀಗರ ಮನೇಗ್ ಬಂದಂಗಾಯ್ತದೆ" ಅನ್ನುತ್ತಿದ್ದರು. ಅವರ ಜಾಗ ಸೋಫಾದ ಹಿಂದೆ, ಪಕ್ಕಕ್ಕೆ, ಅಡುಗೆಮನೆ ಬಾಗಿಲ ಬಳಿಯ ಗೋಡೆಗೆ ಒರಗಿ, ಚಾಪೆಯ ಮೇಲೆ. ಅಲ್ಲಿಂದ ಒಲೆಯ ಮೇಲೆ ಹಾಲು ಉಕ್ಕುವುದು ಕಾಣುತ್ತದೆ, ಬೀದಿಯಲ್ಲಿ ಹೋಗಿ ಬರುವವರು ಕಾಣುತ್ತಾರೆ, ಟೀವಿಯೂ ಕಾಣುತ್ತದೆ. ತೋಟದಿಂದ ಬಂದ ಹೂವನ್ನೋ ಸೊಪ್ಪನ್ನೋ ಮುಂದೆ ಹರವಿಕೊಂಡು ಅವರು ಅಲ್ಲೇ ಸಂಜೆ ಕಳೆಯುತ್ತಿದ್ದರು. ಹಿಂದಿನ ಒಂದು ಸ್ಪೀಕರಿಗೆ ನಾನು ಮೊಳೆ ಹೊಡೆಸಿದ್ದು ಸರಿಯಾಗಿ ಅವರ ತಲೆಯ ಮೇಲೆ.

ಮೊದಲ ದಿನ ಒಂದು ಸಿನಿಮಾ ಹಾಕಿದೆ. ಮಳೆ ಶುರುವಾಯಿತು. ಅತ್ತೆ ಹೂವು ಬಿಟ್ಟು ಧಡಕ್ಕನೆ ಎದ್ದು, "ಬಟ್ಟೆ! ಬಟ್ಟೆ!" ಅನ್ನುತ್ತಾ ಹಿತ್ತಲಿಗೆ ಓಡಿದರು. ಹೊರಗೆ ಸುಡು ಬಿಸಿಲು. ಒಣಗಿದ ಬಟ್ಟೆಯನ್ನು ತೋಳಿಗೆ ಹಾಕಿಕೊಂಡು ವಾಪಸು ಬಂದ ಅವರನ್ನು ನೋಡಿ ನಾವು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅವರೂ ನಕ್ಕರು. ಸಿನಿಮಾದ ಮಳೆಗೆ ಎದ್ದು ಓಡಿದ ಆ ಕಿವಿಯನ್ನೇ ಮುಂದೆ ನಾನು ಮಂದ ಅಂದೆ. ನನ್ನ ಬುದ್ಧಿಗೆ ಏನನ್ನಬೇಕು?

ಅವರು ಮೊದಲು ದೂರಿದ್ದು ಸೀರಿಯಲ್ ನೋಡುವಾಗ. "ಮಾತೇ ಕೇಳಲ್ವಲ್ಲಮ್ಮಾ. ಬರೀ ವಾಲಗ ಬಡ್ಕೊಂತದೆ." ನಾನು ಸದ್ದು ಏರಿಸಿದೆ. "ವಾಲಗಾನೇ ಜಾಸ್ತಿಯಾಯ್ತು ಕಣಮ್ಮಾ" ಅಂದರು. ನನಗೆ ಸೋಫಾದ ಮೇಲೆ ಪ್ರತಿಯೊಂದು ಮಾತೂ ಕನ್ನಡಿಯಷ್ಟು ಸ್ಪಷ್ಟ. ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಇಷ್ಟು ಒಳ್ಳೆಯ ಸದ್ದು ಊರಲ್ಲಿ ಯಾರ ಮನೆಯಲ್ಲಿದೆ ಅಂತ ನಾನು ಬೀಗುತ್ತಿರುವಾಗ ಇವರು ಹಿಂದಿನಿಂದ "ಏನಂದ್ಳು? ಏನಂದ್ಳು?" ಅನ್ನುತ್ತಿದ್ದರು. ಮೊದಲೆಲ್ಲ ಸೀರಿಯಲ್ಲಿನ ಪ್ರತಿ ಅತ್ತೆ ಸೊಸೆಗೂ ಬುದ್ಧಿ ಹೇಳುತ್ತಾ ನೋಡುತ್ತಿದ್ದವರು, ಯಾವಳು ಮುಂದೆ ಏನು ಮಾಡುತ್ತಾಳೆ ಅಂತ ಮುಂಚೆಯೇ ಹೇಳಿ ನನ್ನನ್ನು ಗೆಲ್ಲುತ್ತಿದ್ದವರು, ಈಗ ಬರೀ ಏನಂದ್ಳು ಅಂತ ಕೇಳುವವರಾದರು. ಮೊದಮೊದಲು ನಾನು ಹೇಳುತ್ತಿದ್ದೆ. ಆಮೇಲೆ ಮೊಟಕಾಗಿ ಹೇಳುತ್ತಿದ್ದೆ. ಆಮೇಲೆ "ಏನಿಲ್ಲ ಬಿಡಿ ಅತ್ತೆ" ಅನ್ನುವುದು ರೂಢಿಯಾಯಿತು.

"ಈ ಡಬ್ಬಗಳು ಬಂದ ಮ್ಯಾಲೇ ಹಿಂಗಾಗಿರೋದು" ಎಂದು ಅವರು ಒಂದು ದಿನ ಗಟ್ಟಿಯಾಗಿಯೇ ಹೇಳಿದರು. ನನ್ನ ಪ್ರೀತಿಯ ಸೆಟ್ಟಿಗೆ ಹೆಸರಿಡುವುದೇ? ನಾನು ನಮ್ಮನೆಯವರ ಕಡೆ ತಿರುಗಿ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂದೆ. ಗಾದೆ ಹೊಡೆದೆನೆಂಬ ಖುಷಿಯೂ ಆಯಿತು.

ಹಾಗೆ ನಮ್ಮತ್ತೆಗೆ ಕಿವಿ ಮಂದವಾಯಿತು ಅಂತ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ನಾನೇ. ಒಮ್ಮೆ ತೀರ್ಮಾನವಾದ ಮೇಲೆ ಸಾಕ್ಷಿಗೇನು ಬರ? ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಮಾತಾಡಿದ್ದು ಅವರಿಗೆ ಕೇಳದಿದ್ದರೆ, ನೋಡಿ, ಕಿವಿ. ಹೊಲದ ಆ ತುದಿಯಲ್ಲಿ ಕರು ಅಂಬಾ ಅಂದಿದ್ದು ಕೇಳಿ ಅವರು ಎದ್ದು ಹೋದರೆ, ಕಿವುಡರಿಗೆ ಬೇಕಾದ್ದು ಕೇಳುತ್ತಂತೆ ಅಂತ ನಗು.

ಹೊಸಕೋಟೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಪರೀಕ್ಷೆ ಮಾಡಿದ ಹುಡುಗಿ ಸಮಾಧಾನದಿಂದ "ಎಲ್ಲಿ ತೊಂದರೆ ಆಗುತ್ತೆ ಅಜ್ಜಿ?" ಅಂತ ಕೇಳಿದಳು. ಅತ್ತೆ, "ಟೀವಿ ತಾವ ಮಾತ್ರ ಕಣವ್ವಾ. ಮಿಕ್ಕಿದ್ದೆಲ್ಲಾ..." ಅನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ. "ಅವರಿಗೆ ಗೊತ್ತಾಗಲ್ಲಮ್ಮ, ಎಲ್ಲ ಕಡೆನೂ ಇದೆ" ಅಂದೆ. ವಯಸ್ಸಿಗೆ ತಕ್ಕ ಹಾಗೆ ಒಂಚೂರು ಕಡಿಮೆಯಾಗಿದೆ, ಇಷ್ಟಕ್ಕೆ ಮೆಷಿನ್ ಬೇಕೇ ಬೇಕು ಅಂತೇನಿಲ್ಲ ಅಂದಳು ಆ ಹುಡುಗಿ. ಇರಲಿ, ಕೊಡಿ ಅಂದವಳು ನಾನು. ಅತ್ತೆಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಬಸ್ಸಿನಲ್ಲಿ ಕೂತು ನನ್ನ ಮೇಲೆ ನನಗೇ ಹೆಮ್ಮೆ. ಕಿಟಕಿ ಪಕ್ಕ ಕೂತಿದ್ದ ಅತ್ತೆ ಕಿವಿಗೆ ಹೊಸದಾಗಿ ಸಿಕ್ಕಿಸಿದ್ದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಬಂದರು. 

ಅಲ್ಲಿಂದ ನಮ್ಮ ಮನೆಯ ಮಾತೂ ಬೇರೆ ಬೇರೆ ದಾರಿ ಹಿಡಿಯಿತು. ಅವರೊಂದಿಗೆ ಆಡುವ ಮಾತೆಲ್ಲ ಕೂಗು, ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೆ. ಮಿಕ್ಕ ಮಾತೆಲ್ಲ ಅವರ ತಲೆಯ ಮೇಲಿಂದ ಹೋಗುತ್ತಿತ್ತು. ಅವರು ಇದ್ದಾರೆ ಅಂತ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಅವರ ಕಿವಿಯ ಮೆಷಿನ್ನಿನ ಮೇಲೂ ನನಗೆ ನಂಬಿಕೆಯಿರಲಿಲ್ಲ. ಹಾಕಿಕೊಂಡ ಮೇಲೂ ಟೀವಿ ಮಾತು ಕೇಳಲ್ಲ ಅಂದಿದ್ದರಲ್ಲ!

ಇಷ್ಟರಲ್ಲಿ ಸಮೇತನಹಳ್ಳಿಯಿಂದ ಫೋನ್ ಬಂತು. ಮಾಡಿದವಳು ಅತ್ತೆಯ ತಂಗಿಯ ಮಗಳು. ಅವಳ ಮಗಳ ಮದುವೆ ಗೊತ್ತಾಗಿತ್ತು. ಚಪ್ಪರದ ದಿನ ಸೋಬಾನೆಗೆ ದೊಡ್ಡಮ್ಮನೇ ಮುಂದೆ ನಿಲ್ಲಬೇಕು, ಮುಂಚೆಯೇ ಕಳಿಸಿಕೊಡು ಅನ್ನುವುದು ಅವಳ ಮಾತು.

ನಮ್ಮತ್ತೆಯ ಸೋಬಾನೆ ಅಂದರೆ ಈ ಕಡೆ ಹತ್ತಾರು ಹಳ್ಳಿಗೆ ಗೊತ್ತು. ಸೋಬಾನೆಯಲ್ಲಿ ಒಬ್ಬರು ಮುಂದೆ ಹೇಳಬೇಕು, ಮಿಕ್ಕವರು ಹಿಂದೆ ಹೇಳಬೇಕು. ಮುಂದೆ ಹೇಳುವವರಿಗೆ ಹಾಡು ನೆನಪಿದ್ದರೆ ಸಾಲದು. ಹಿಂದೆ ಹೇಳುವವರ ದನಿ ಎಲ್ಲಿ ಸೋತಿತು, ಎಲ್ಲಿ ಎತ್ತಬೇಕು ಅಂತ ಕಿವಿಗೊಟ್ಟು ಹಿಡಿಯಬೇಕು. ಬೀಗರು ಬಂದು ಕೂತರೆ ಅಲ್ಲಿಂದಲ್ಲಿಗೆ ಪದ ಕಟ್ಟಿ ಅವರ ಮೀಸೆಯನ್ನೋ ಹೊಟ್ಟೆಯನ್ನೋ ಎಳೆದು ತರಬೇಕು. ನಮ್ಮತ್ತೆ ಶಾಲೆ ಕಂಡವರಲ್ಲ, ಒಡವೆ ಮೆರೆದವರಲ್ಲ. ಈ ಒಂದು ಜಾಗದಲ್ಲಿ ಮಾತ್ರ ಹೆಂಗಸರೆಲ್ಲ ಅವರ ಬಾಯಿ ನೋಡುತ್ತಾ ಕೂರುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಮದುವೆ ಕರೆಯೋಲೆ ಬಂದರೆ ಎರಡು ದಿನ ಮುಂಚಿನಿಂದ ಬೆಲ್ಲ ಮೆಣಸು ಬಾಯಿಗೆ ಹಾಕಿಕೊಂಡು ಗಂಟಲು ಕಾಯುತ್ತಿದ್ದರು.

ನಾನು ಸೋಫಾದ ಮೇಲೆ ಕೂತು ಫೋನಿನಲ್ಲಿ ಹೇಳಿದೆ. "ಬೇಡ ಕಣೇ. ಅತ್ತೆಗೆ ಮೊದಲಿನ ಹಾಗೆ ಕಿವಿ ಕೇಳಲ್ಲ. ಅಷ್ಟು ಜನರ ಮುಂದೆ ಶ್ರುತಿ ತಪ್ಪಿದ್ರೆ ನಗೆಪಾಟಲಾಗುತ್ತೆ. ಒಂದು ಬಾಕ್ಸ್ ತರಿಸಿ ಹಾಡು ಹಾಕ್ಬಿಡು. ಈಗೆಲ್ಲ ಹಾಗೇ ತಾನೆ." ಆ ಕಡೆಯವಳು ಅಯ್ಯೋ ಪಾಪ ಅಂದಳು. ನಾನು ಇನ್ನೂ ಒಂದು ಸೇರಿಸಿದೆ. "ಕಿರುಚಿ ಕಿರುಚಿ ನನ್ನ ಗಂಟಲೂ ಹೋಗಿದೆ ಕಣೇ, ಗೋಡೆ ಜೊತೆ ಸಂಸಾರ ಮಾಡಿದ ಹಾಗೆ." ಅವಳನ್ನು ನಗಿಸುವುದಕ್ಕೆ ಹೇಳಿದ್ದು. ಅವಳು ನಕ್ಕಳು. ಅತ್ತೆ ನನ್ನ ಹಿಂದೆ ಚಾಪೆಯ ಮೇಲೆ ಹೂವು ಕಟ್ಟುತ್ತಿದ್ದರು. ತಲೆಯೆತ್ತಲಿಲ್ಲ.

ಮದುವೆಗೆ ಎಲ್ಲರೂ ಹೋದೆವು. ಚಪ್ಪರದ ಕೆಳಗೆ ಹೆಂಗಸರು ಅತ್ತೆಯನ್ನು ಕಂಡದ್ದೇ ದಾರಿ ಬಿಟ್ಟು, "ಬಾ ದೊಡ್ಡವ್ವಾ, ನೀನೇ ಎತ್ಕೊ" ಅಂದರು. ಈಗ ಇವರನ್ನು ಹೇಗೆ ತಡೆಯುವುದು ಅಂತ ನಾನು ಗಾಬರಿಯಾದೆ. ತಡೆಯುವ ಕೆಲಸವೇ ಬೀಳಲಿಲ್ಲ. ಅತ್ತೆ ಕೈ ಅಡ್ಡ ಮಾಡಿ, "ನಂಗೆ ಕಿವಿ ಕೇಳಲ್ಲ ಕಣ್ರವ್ವಾ. ಶ್ರುತಿ ತಪ್ಪಿದ್ರೆ ನಗೆಪಾಟ್ಲಾಯ್ತದೆ. ಬಾಕ್ಸಲ್ಲೇ ಹಾಕ್ಬಿಡ್ರಿ" ಅಂದು ಹಿಂದೆ ಹೋಗಿ ಕಂಬದ ಪಕ್ಕ ಕೂತರು. ಸದ್ಯ, ಅವರಿಗೇ ಗೊತ್ತಾಗಿದೆಯಲ್ಲ ಅಂತ ನಾನು ನಿಟ್ಟುಸಿರು ಬಿಟ್ಟೆ. ಬಾಕ್ಸಿನಿಂದ ಯಾರದೋ ದನಿಯಲ್ಲಿ ಹಾಡು ಬಂತು. ಅದಕ್ಕೆ ಹಿಂದೆ ಹೇಳುವವರು ಯಾರೂ ಇರಲಿಲ್ಲ. ಹೆಂಗಸರು ಸ್ವಲ್ಪ ಹೊತ್ತು ಕೂತು ಎದ್ದುಹೋದರು.

ಆಮೇಲೆ ಅವರೆಕಾಯಿ ಕಾಲ ಬಂತು. ಅತ್ತೆ ತವರಿನಲ್ಲಿ ತಿಥಿ ಅಂತ ಹೋಗಿದ್ದರು. ಭಾನುವಾರ ಮಧ್ಯಾಹ್ನ, ಹಿದುಕಿದ ಬೇಳೆ ಸಾರು ಮಾಡೋಣ ಅಂತ ನೆನೆಸಿದ ಅವರೆಕಾಳಿನ ಬೋಗುಣಿ ಎತ್ತಿಕೊಂಡು ಬಂದೆ. ಒಲೆಯ ಮೇಲೆ ಹಾಲಿಟ್ಟಿದ್ದೆ, ಅದರ ಮೇಲೂ ಕಣ್ಣಿರಲಿ ಅಂತ ಮೊದಲ ಸಲ ಅತ್ತೆಯ ಚಾಪೆಯ ಮೇಲೆ, ಅತ್ತೆಯ ಗೋಡೆಗೆ ಒರಗಿ ಕೂತೆ. ಟೀವಿಯಲ್ಲಿ ವಾರದ ಸೀರಿಯಲ್ಲನ್ನೇ ಮತ್ತೆ ಹಾಕಿದ್ದರು. ಕಾಳು ಹಿದುಕುತ್ತಾ ಕಿವಿಗೊಟ್ಟೆ.

ಮಾತು ಕೇಳಲಿಲ್ಲ.

ಬಾಯಿ ಅಲ್ಲಾಡುತ್ತಿದೆ, ಮಾತಿಲ್ಲ. ತಲೆಯ ಮೇಲೆ ಪಿಟೀಲು ಗೋಳಾಡುತ್ತಿದೆ. ಸಿಡಿಲು ಹೊಡೆಯುತ್ತಿದೆ. ಮಾತು ಮಾತ್ರ ಸೋಫಾದ ಬೆನ್ನಿನ ಆಚೆಗೆಲ್ಲೋ, ಪಕ್ಕದ ಮನೆಯವರು ಗೊಣಗಿದ ಹಾಗೆ. ಸದ್ದು ಏರಿಸಿದೆ. ಪಿಟೀಲು ಏರಿತು. ಟೀವಿ ಕೆಟ್ಟಿತೇ ಅಂತ ಎದ್ದು ನಿಂತೆ, ಮಾತು ಸ್ಪಷ್ಟವಾಯಿತು. ಕೂತೆ, ಹೋಯಿತು. ಎದ್ದೆ, ಬಂತು. ಕೂತೆ, ಹೋಯಿತು. ಬೀದಿಯಿಂದ ಯಾರಾದರೂ ನೋಡಿದ್ದರೆ ಈ ಹೆಂಗಸು ಬಸ್ಕಿ ಹೊಡೆಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಕಿವಿ ಹಿಡಿದುಕೊಂಡಿರಲಿಲ್ಲ, ಅಷ್ಟೆ.

ಮೊದಲು ಆಗಿದ್ದು ಖುಷಿ, ನಿಜ ಹೇಳುತ್ತೇನೆ. ಅತ್ತೆಯ ಕಿವಿಗೆ ಏನೂ ಆಗಿಲ್ಲ! ಮೈಕನ್ನು ನಾನು ನನ್ನ ಜಾಗದಲ್ಲಿಟ್ಟಿದ್ದೆ. ಪೆಟ್ಟಿಗೆ ನನ್ನ ಕಿವಿಗೆ ಬೇಕಾದ ಹಾಗೆ ಎಲ್ಲವನ್ನೂ ಜೋಡಿಸಿತ್ತು. ದೂರದಲ್ಲಿದೆ ಅಂತ ಹಿಂದಿನ ಸ್ಪೀಕರನ್ನು ಏರಿಸಿತ್ತು. ಅದರ ಬುಡದಲ್ಲಿ ಒಬ್ಬರು ಕೂತಿದ್ದಾರೆ ಅಂತ ಅದಕ್ಕೆ ಯಾರು ಹೇಳಿದ್ದರು? ನೆಲ ನಿಜವಾಗಿಯೂ ಡೊಂಕಾಗಿತ್ತು. ಈ ಸುದ್ದಿಯನ್ನು ಈಗಲೇ ಫೋನ್ ಮಾಡಿ ಅತ್ತೆಗೆ ಹೇಳಬೇಕು ಅಂತ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡೆ.

ಫೋನ್ ಕೈಯಲ್ಲೇ ಉಳಿಯಿತು. ಅತ್ತೆಯ ಕಿವಿ ಚೆನ್ನಾಗಿದೆ ಅಂದರೆ, ಚೆನ್ನಾಗಿಯೇ ಇತ್ತು. ಆವತ್ತೂ ಚೆನ್ನಾಗಿತ್ತು. ನಾನು ಸೋಫಾದ ಮೇಲೆ ಕೂತು ಇದೇ ಫೋನಿನಲ್ಲಿ ಸಮೇತನಹಳ್ಳಿಯವಳನ್ನು ನಗಿಸಿದಾಗಲೂ ಚೆನ್ನಾಗಿತ್ತು. ಟೀವಿ ಆರಿತ್ತು. ಅವರು ನನ್ನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿದ್ದರು.

ಇಲ್ಲ, ಕೇಳಿಸಿರಲಿಕ್ಕಿಲ್ಲ, ಹೂವಿನ ಮೇಲೆ ಗಮನವಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಆಗ ಆ ಒಂದು ಪದ ನೆನಪಾಯಿತು. ಶ್ರುತಿ. ನಮ್ಮತ್ತೆ ಯಾವತ್ತೂ ಶ್ರುತಿ ಅಂದವರಲ್ಲ. "ದನಿ ಒಡೀತು", "ದನಿ ಇಳೀತು", "ದನಿಗೆ ದನಿ ಕೂಡ್ಲಿಲ್ಲ" ಅನ್ನುವುದು ಅವರ ಮಾತು. ಶ್ರುತಿ ನನ್ನ ಪದ, ಟೀವಿಯ ಹಾಡಿನ ಸ್ಪರ್ಧೆ ನೋಡಿ ಕಲಿತದ್ದು. ಚಪ್ಪರದ ಕೆಳಗೆ ಅಷ್ಟು ಜನರ ಮುಂದೆ ಅವರು ಆಡಿದ್ದು ಅಕ್ಷರ ಬಿಡದೆ ನನ್ನ ಮಾತು. ಶ್ರುತಿ, ನಗೆಪಾಟಲು, ಬಾಕ್ಸು. ನಾನು ಹೇಳಿದ್ದನ್ನು ಅವರು ತಮ್ಮದೇ ಮಾತು ಅನ್ನುವ ಹಾಗೆ ಹೇಳಿ, ನನಗೆ ಅವರನ್ನು ತಡೆಯುವ ಕಷ್ಟವೂ ಇಲ್ಲದ ಹಾಗೆ ಮಾಡಿ, ಕಂಬದ ಪಕ್ಕ ಹೋಗಿ ಕೂತಿದ್ದರು.

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಎದುರಿಗೇ ಕಾಣುತ್ತಿತ್ತು, ಏಳಲಾಗಲಿಲ್ಲ. ಆ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ಆ ತಿಂಗಳುಗಳಲ್ಲಿ ಅವರ ಮುಂದೆ ಇನ್ನೂ ಏನೇನು ಆಡಿದ್ದೆ ಅಂತ ನೆನಪಿಸಿಕೊಳ್ಳಲು ಹೋದೆ. ಒಂದೊಂದಾಗಿ ಬಂದವು. ಅವರ ಸಾರಿಗೆ ಉಪ್ಪಿಲ್ಲ ಅಂದಿದ್ದು, ಅವರ ಕೆಮ್ಮಿನ ಬಗ್ಗೆ ಆಡಿಕೊಂಡಿದ್ದು. ಪ್ರತಿಯೊಂದಕ್ಕೂ ಹಿಂದೆ ತಲೆ ಬಗ್ಗಿಸಿ ಹೂವು ಕಟ್ಟುತ್ತಿರುವ ಅವರು.

ಸಂಜೆ ನಮ್ಮನೆಯವರಿಗೆ ಹೇಳಿದೆ. "ಸರಿ ಬಿಡು, ಕಿವಿ ನೆಟ್ಟಗಿದೆಯಲ್ಲ, ಸಂತೋಷ ಪಡೋ ವಿಷಯ ತಾನೇ?" ಅಂದರು. ಆಮೇಲೆ ಅವರಿಗೂ ತಾವು ಆಡಿದ್ದು ಏನೋ ನೆನಪಾಯಿತು ಅಂತ ಕಾಣುತ್ತದೆ. ಎದ್ದು ಕೊಟ್ಟಿಗೆ ಕಡೆ ಹೋದರು.

ಅತ್ತೆ ವಾಪಸು ಬಂದ ದಿನವೇ ಹೇಳಿದೆ. ಫೋನಿನ ವಿಷಯವಲ್ಲ, ಸ್ಪೀಕರಿನ ವಿಷಯ. ತಪ್ಪು ನಿಮ್ಮ ಕಿವಿಯದಲ್ಲ ಅತ್ತೆ, ನಾನು ಜೋಡಿಸಿದ್ದರದು ಅಂದೆ. ಅವರು ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತು, "ಅಂಗಾದ್ರೆ ನಾನ್ ಹೇಳಿದ್ದು ಸುಳ್ಳಲ್ಲ ಅನ್ನು" ಅಂದರು. ಕೋಪದ ದನಿಯಲ್ಲ. ಕೋಪದ ದನಿಯಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ತಲೆಯ ಮೇಲಿನ ಸ್ಪೀಕರನ್ನು ಕಿತ್ತು ದೂರದ ಮೂಲೆಗೆ ಹಾಕಿಸಿದೆ. ಸೋಫಾವನ್ನು ಪಕ್ಕಕ್ಕೆ ಸರಿಸಿದೆ. ಮತ್ತೆ ಆ ಮೈಕು ಹುಡುಕಿ ತೆಗೆದು, ಅತ್ತೆಯ ಚಾಪೆಯ ಮೇಲೆ ಹೂವಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೊಂದು ಮಣೆ, ಮಣೆಯ ಮೇಲೆ ಮೈಕು. ಎತ್ತರ ಸರಿಯಿದೆಯೇ ನೋಡಲು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿ, ಅವರ ಕಿವಿಗೂ ಮೈಕಿಗೂ ಅಂಗೈ ಹಿಡಿದು ಅಳೆದೆ. ಅವರು ಆಗಲೇ ಮೆಷಿನ್ ತೆಗೆದಿಟ್ಟಿದ್ದರು. ಅಷ್ಟು ಹತ್ತಿರದಿಂದ ಅವರ ಕಿವಿಯನ್ನು ನಾನು ನೋಡಿರಲೇ ಇಲ್ಲ. ಓಲೆಯ ಭಾರಕ್ಕೆ ತೂತು ಇಳಿದು ಉದ್ದವಾಗಿತ್ತು. ಗುಂಡಿ ಒತ್ತಿದೆ. ಅತ್ತೆ ಹಿಂದಿನ ಹಾಗೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಈ ಸಲ ಕುಕ್ಕರ್ ಕೂಗಲಿಲ್ಲ.

ಆ ಸಂಜೆ ಸೀರಿಯಲ್ಲಿನ ಕೆಟ್ಟ ನಾದಿನಿ ಬಾಯಿ ಬಿಟ್ಟದ್ದೇ ಅತ್ತೆ, "ನೋಡ್ತಿರು, ಇವ್ಳೇ ಆ ಸರ ಕದ್ದಿರೋದು" ಅಂದರು. ಅವಳೇ ಕದ್ದಿದ್ದಳು. ಅವರು ನಕ್ಕರು, ನಾನೂ ನಕ್ಕೆ. ನನ್ನ ಸೋಫಾದ ಮೇಲೆ ಈಗ ಹಿಂದಿನ ಸದ್ದು ಸರಿಯಾಗಿ ಬರುವುದಿಲ್ಲ. ಮಳೆ ಒಂದೇ ಪಕ್ಕಕ್ಕೆ ಸುರಿದ ಹಾಗೆ ಕೇಳುತ್ತದೆ. ಕೇಳಲಿ.

ಟೀವಿ ಸರಿಯಾಯಿತು. ಸೋಬಾನೆ ಆಗಲಿಲ್ಲ. ಆಮೇಲೆ ಊರಲ್ಲೇ ಒಂದು ಸೀಮಂತ ಬಂತು, ಒಂದು ಗೃಹಪ್ರವೇಶ ಬಂತು. ನಾನೇ ಮುಂದಾಗಿ ಮನೆ ಮನೆಗೆ ಹೋಗಿ, ನಮ್ಮತ್ತೆಗೆ ಕಿವಿ ಚೆನ್ನಾಗಿದೆ, ತಪ್ಪು ನಮ್ಮ ಸ್ಪೀಕರಿನದು ಅಂತ ಹೇಳಿ ಬಂದೆ. ಜನ ನಕ್ಕು, ಅವರನ್ನು ಕರೆದೂ ಕರೆದರು. ಅತ್ತೆ ಎರಡು ಕಡೆಯೂ ಹೋದರು, ಹರಸಿದರು, ಹಿಂದೆ ಕೂತರು. ಬಲವಂತ ಮಾಡಿದರೆ "ದನಿ ಹೋಗ್ಬುಟ್ಟದೆ ಕಣ್ರವ್ವಾ" ಅಂದರು. ದನಿ ಎಲ್ಲೂ ಹೋಗಿಲ್ಲ. ಬೆಳಿಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ಹಸುವಿಗೆ ಸೋಬಾನೆ ಹೇಳಿಕೊಳ್ಳುತ್ತಾರೆ. ಅಡುಗೆಮನೆ ಕಿಟಕಿಯಿಂದ ನನಗೆ ಕೇಳುತ್ತದೆ. ನಾನು ಬಕೆಟ್ ಹಿಡಿದು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಾರೆ.

ಮೊನ್ನೆ ತಡೆಯಲಾಗಲಿಲ್ಲ. ಅವರು ಚಾಪೆಯ ಮೇಲೆ ಹೂವು ಕಟ್ಟುತ್ತಿದ್ದರು. ನಾನು ಹೋಗಿ ಎದುರಿಗೆ ನೆಲದ ಮೇಲೆ ಕೂತೆ. ಟೀವಿ ಆರಿಸಿದೆ. 

"ಅತ್ತೆ, ಆ ಮದುವೆಗೆ ಮುಂಚೆ ಸಮೇತನಹಳ್ಳಿಯಿಂದ ಫೋನ್ ಬಂದಿತ್ತಲ್ಲ. ನಾನು ಮಾತಾಡಿದ್ದು... ನಿಮಗೆ ಕೇಳಿಸ್ತಾ?"

ಅವರ ಬೆರಳು ಒಂದು ಕ್ಷಣ ದಾರದ ಮೇಲೆ ನಿಂತಿತು. ಮತ್ತೆ ಎರಡು ಹೂವು ಎತ್ತಿ ಜೋಡಿಸಿ ಗಂಟು ಬಿಗಿದರು.

"ಎಲ್ಲಿ ಕೇಳಿಸ್ತದೆ?" ಅಂದರು. "ಆವಾಗ ನಂಗೆ ಕಿವಿ ಮಂದ ಆಗಿತ್ತಲ್ವಾ."

ಅತ್ತೆ, ಕ್ಷಮಿಸಿ ಅನ್ನಬೇಕೆಂದು ಬಂದಿದ್ದೆ. ಅದಕ್ಕೆ ಅವರು ಜಾಗವನ್ನೇ ಬಿಡಲಿಲ್ಲ. ಕಟ್ಟಿದ ಹೂವನ್ನು ಮೊಳ ಹಾಕಿ, ಹಲ್ಲಿನಿಂದ ದಾರ ಕಡಿದು, "ಬಾ ಇಲ್ಲಿ, ಮುಡಿಸ್ತೀನಿ" ಅಂದರು.

ನಾನು ತಲೆ ತಗ್ಗಿಸಿದೆ.